ಉಡಿ ತುಂಬಿದ ದಿನದ ಕಾಗದಗಳು

ಹುಮನಾಬಾದಿನ ಗುಂಪಿನ ಹೆಂಗಸರಿಗೆ ಇಪ್ಪತ್ತು ವಾರದಲ್ಲಿ ಗುಣವಾಯಿತು ಎಂದು ಕಾಗದಗಳು ಹೇಳಿದವು. ಕಾಗದಗಳು ಸುಳ್ಳು. ಸುಳ್ಳು ಬರೆಯುವಂತೆ ಮಾಡಿದವಳು ನಾನು. ಅದನ್ನು ಹಿಡಿಯಲಾರದೆ, ಗೋಡೆಯ ಮೇಲೆ ಬೆಳಕು ಬಿಟ್ಟು, ಬಣ್ಣದ ಗೆರೆ ತೋರಿಸಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡವರು ಕಲಿತವರು. ಆದದ್ದು ಇಷ್ಟೇ. ಆಮೇಲೆ ಅದಕ್ಕೆ ‘ಪ್ರಕ್ರಿಯೆಯ ಲೋಪ’ ಎಂದು ದೊಡ್ಡ ಹೆಸರಿಟ್ಟರು. ನನಗೆ ಬುದ್ಧಿ ಇರಲಿಲ್ಲ, ಅವರಿಗೆ ಕಣ್ಣಿರಲಿಲ್ಲ ಎಂದರೆ ಸಾಕಿತ್ತು.

ಆ ಗುಂಪುಗಳಿಗೆ ಬರುತ್ತಿದ್ದವರು ಹುಚ್ಚರಲ್ಲ. ಅವರಿಗೆ ಇಲ್ಲದ ದನಿ ಕೇಳುತ್ತಿರಲಿಲ್ಲ, ದೆವ್ವ ಕಾಣುತ್ತಿರಲಿಲ್ಲ. ಯಾರ ಜೊತೆಗೂ ಮೂರು ತಿಂಗಳು ನೆಟ್ಟಗೆ ಬಾಳದವರು, ಅಷ್ಟೇ. ಇಂದು ನೀನೇ ನನ್ನ ತಾಯಿ ಎನ್ನುವುದು, ನಾಳೆ ಫೋನು ಎತ್ತಲಿಲ್ಲವೆಂದು ಅದೇ ತಾಯಿಯ ಬಾಗಿಲಿಗೆ ನಿಂತು ಮಣ್ಣು ತೂರುವುದು. ಸಿಟ್ಟು ಏರಿದರೆ ತಮ್ಮ ಕೈಗೇ ತಾವು ಗಾಯ ಮಾಡಿಕೊಳ್ಳುವುದು. ಡಾಕ್ಟರರು ಇದಕ್ಕೆ ವ್ಯಕ್ತಿತ್ವದ ತೊಂದರೆ ಎನ್ನುತ್ತಾರೆ. ನಮ್ಮ ಕಡೆ ಸ್ವಭಾವ ಎಂದು ಹೇಳಿ ಕೈ ಬಿಡುತ್ತೇವೆ. ಡಾಕ್ಟರರು ಕೈ ಬಿಟ್ಟಿರಲಿಲ್ಲ. ಅಷ್ಟು ಅವರಿಗೆ ಸಲ್ಲಬೇಕು. ಇನ್ನು ಮುಂದೆ ಅವರಿಗೆ ಸಲ್ಲಬೇಕಾದ್ದು ಬಹಳ ಉಳಿದಿಲ್ಲ.

ಒಟ್ಟು ಹದಿನಾರು ಹೆಂಗಸರು. ಎಂಟು ಜನರ ಗುಂಪು ಹುಮನಾಬಾದಿನಲ್ಲಿ ಮಂಗಳವಾರ ಕೂಡುತ್ತಿತ್ತು, ಇಪ್ಪತ್ತು ವಾರ. ಇನ್ನೊಂದು ಎಂಟು ಜನರದ್ದು ಬಸವಕಲ್ಯಾಣದಲ್ಲಿ ಗುರುವಾರ, ನಲವತ್ತು ವಾರ. ಎರಡೂ ಕಡೆ ಗುಂಪು ನಡೆಸುವವರು ಅದೇ ಮೇಡಮ್ಮು, ಅದೇ ಒಂದೂವರೆ ತಾಸು, ಅದೇ ಸುತ್ತ ಕೂತು ಮಾತಾಡುವ ಚಿಕಿತ್ಸೆ. ಸಣ್ಣ ಗಡುವಿನಲ್ಲಿ ಆಗುವ ಗುಣ ದೊಡ್ಡ ಗಡುವಿನ ಗುಣಕ್ಕೆ ಸಮ ಆಗುತ್ತದೋ ಇಲ್ಲವೋ ಎಂದು ತೂಗಿ ನೋಡುವುದು ಅವರ ಉದ್ದೇಶ. ಯಾರು ಯಾವ ಗುಂಪಿಗೆ ಎನ್ನುವುದನ್ನು ಮುಚ್ಚಿದ ಲಕೋಟೆಯ ಚೀಟಿ ತೆಗೆದು ಗೊತ್ತುಮಾಡಿದರು. ಹಾಗಾಗಿ ಹುಮನಾಬಾದಿನ ಮಗ್ಗುಲಿನ ದುಬಲಗುಂಡಿಯವಳಿಗೆ ಬಸವಕಲ್ಯಾಣ ಬಂತು, ಬಸವಕಲ್ಯಾಣದ ಹೊಲಿಗೆಯವಳಿಗೆ ಹುಮನಾಬಾದ ಬಂತು. ಸಂಸ್ಥೆಯ ಸಂಯೋಜಕ, ಕೊರಳಿಗೆ ಪಟ್ಟಿ ಹಾಕಿಕೊಂಡು ಓಡಾಡುವವನು, ಇದೇ ವಿಜ್ಞಾನ ಎಂದ. ಬಸ್ಸಿನವರಿಗೆ ಒಳ್ಳೆಯದಾಯಿತು ಎಂದೆ ನಾನು.

ನನ್ನ ಕೆಲಸ ಇಷ್ಟು. ಹೊತ್ತಿಗೆ ಮುಂಚೆ ಹೋಗಿ ಬೀಗ ತೆಗೆಯುವುದು, ಕಸ ಹೊಡೆಯುವುದು, ಒಂಬತ್ತು ಖುರ್ಚಿ ದುಂಡಗೆ ಹಾಕುವುದು. ಒಂದು ಖುರ್ಚಿಯೂ ಒಂದು ಗೇಣು ಹಿಂದೆ ಸರಿಯಬಾರದು. ಹಿಂದೆ ಸರಿದ ಖುರ್ಚಿಯಲ್ಲಿ ಕೂತವಳು ‘ನನ್ನೊಬ್ಬಾಕಿನ್ನೇ ದೂರ ಇಟ್ಟಾರ’ ಎಂದು ಎದ್ದು ಹೋದದ್ದು ಉಂಟು. ಬಾರದವರಿಗೆ ಫೋನು ಮಾಡುವುದು. ಮಾತು ಶುರುವಾದ ಮೇಲೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರುವುದು. ಯಾರಾದರೂ ಹೊರಗೆ ಓಡಿದರೆ ಹಿಂದೆ ಹೋಗಿ, ಮುಟ್ಟದೆ, ಬೈಯದೆ ಪಕ್ಕದಲ್ಲಿ ನಿಲ್ಲುವುದು. ಇದನ್ನು ಕಲಿಸಲು ನನಗೆ ಎರಡು ದಿನ ತರಬೇತಿ ಕೊಟ್ಟರು. ಐದು ಮೊಮ್ಮಕ್ಕಳ ಜಿದ್ದು ಕಂಡವಳಿಗೆ ತರಬೇತಿ!

ಕಾಗದ ಓದುವುದೂ ನನ್ನ ಪಾಲಿನದೇ. ಕಾಗದ ಎಂದರೆ ಪ್ರಶ್ನೆಗಳ ಹಾಳೆ; ಮೊದಲ ದಿನ ಒಮ್ಮೆ ತುಂಬಿಸಿ, ಇಪ್ಪತ್ತನೆಯ ವಾರ ಮತ್ತೆ ತುಂಬಿಸಿ ಹೋಲಿಸುವುದು. ‘ಒಳಗೆಲ್ಲ ಖಾಲಿ ಅನಿಸುತ್ತದೆ.’ ‘ನನ್ನವರು ನನ್ನನ್ನು ಬಿಟ್ಟು ಹೋಗುತ್ತಾರೆ ಎಂದು ಹೆದರಿಕೆ.’ ‘ಸಾಯಬೇಕು ಅನಿಸುತ್ತದೆ.’ ಇಂಥ ಸಾಲುಗಳು. ಪ್ರತಿಯೊಂದರ ಮುಂದೆ ಐದು ಚೌಕ, ‘ಯಾವತ್ತೂ ಇಲ್ಲ’ದಿಂದ ಹಿಡಿದು ‘ಯಾವಾಗಲೂ’ವರೆಗೆ. ಅಕ್ಷರ ಬಾರದವರಿಗೆ ನಾನು ಓದಬೇಕು, ಅವರು ಬೆರಳಿಟ್ಟ ಚೌಕಕ್ಕೆ ಅವರೇ ಗುರುತು ಹಾಕಬೇಕು. ನಾನು ಕಲಿತದ್ದು ಮೂರನೆಯ ಇಯತ್ತೆ. ಹೆಚ್ಚು ಕಲಿತವರನ್ನು ಹಚ್ಚಿದರೆ ಬಿಡಿಸಿ ಬಿಡಿಸಿ ಹೇಳುತ್ತಾರೆ, ಉತ್ತರ ಕೆಡುತ್ತದೆ, ಅದಕ್ಕೇ ಈ ಅಜ್ಜಿಯೇ ಲೇಸು ಎಂದಿದ್ದರು ಮೇಡಮ್ಮು. ಇನ್ನೊಂದು ನಿಯಮ: ಕಾಗದ ಮೊದಲು, ಚಹಾ ಆಮೇಲೆ. ಬಾಯಿ ಸಿಹಿಯಾದರೆ ಉತ್ತರವೂ ಸಿಹಿಯಾಗುತ್ತದಂತೆ. ಇಷ್ಟು ಸೂಕ್ಷ್ಮ ಅವರಿಗೆ ಗೊತ್ತಿತ್ತು ಎನ್ನುವುದು ಓದುವವರಿಗೆ ನೆನಪಿರಲಿ.

ಚಿಕಿತ್ಸೆಯ ಬಗ್ಗೆ ನನಗೆ ಮೊದಲಿನಿಂದಲೂ ಮರ್ಯಾದೆ ಇರಲಿಲ್ಲ. ಮೇಡಮ್ಮು ಬಂದು ಕೂತು ಸುಮ್ಮನಿರುತ್ತಿದ್ದರು. ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ಸುಮ್ಮನೆ. ಕೇಳಿದರೆ, ಸುಮ್ಮನಿರುವುದೂ ಕೆಲಸವೇ ಎಂದರು. ಹೊಲದಲ್ಲಿ ಹಾಗೆ ಕೂತು ನೋಡಲಿ, ಒಡೆಯ ಏನೆನ್ನುತ್ತಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಬ್ಬಳು ಅತ್ತರೆ ಇನ್ನೊಬ್ಬಳನ್ನು ಕೇಳುವುದು, ‘ಅವರು ಅತ್ತಾಗ ನಿಮಗೆ ಏನಾಯಿತು?’ ಏನಾಗುತ್ತದೆ? ಬಸ್ಸು ತಪ್ಪುತ್ತದೆ.

ಬಸವಕಲ್ಯಾಣದ ಗುಂಪಿನ ದುಬಲಗುಂಡಿಯವಳ ಬಗ್ಗೆ ಹೇಳಬೇಕು. ಮೂವತ್ತರ ಒಳಗಿನವಳು, ಹೊಲದ ಕೂಲಿ. ಗಂಡ ಬಿಟ್ಟು ಹೋಗಿದ್ದ. ಏಳು ವರ್ಷದ ಮಗಳಿದ್ದಳು. ಒಮ್ಮೆ ಆ ಮಗುವಿನ ಕಣ್ಣ ಮುಂದೆಯೇ ಕೈಗೆ ಗಾಯ ಮಾಡಿಕೊಂಡಿದ್ದಳು. ಅಂದೇ ಅವಳ ಅಕ್ಕ ಬಂದು ಮಗುವನ್ನು ಕರೆದುಕೊಂಡು ಹೋದಳು. ‘ನೀ ಗುಂಪು ಪೂರಾ ಮುಗಿಸ್ಕೊಂಡು ಬಾ, ಅವತ್ತೇ ಕಳಸ್ತೇನಿ’ ಎಂದು ಅಕ್ಕ ಮಾತು ಕೊಟ್ಟಿದ್ದಳು. ಅವಳು ನಲವತ್ತು ವಾರಗಳನ್ನು ಎಣಿಸುತ್ತಿದ್ದುದು ಆ ಮಗುವಿಗಾಗಿ.

ಎಣಿಸುತ್ತಿದ್ದಳೇ ಹೊರತು ಕೂರುತ್ತಿರಲಿಲ್ಲ. ಮೊದಲ ಹನ್ನೆರಡು ವಾರದಲ್ಲಿ ಆರು ಸಲ ಎದ್ದು ಹೊರಗೆ ನಡೆದಳು. ಪ್ರತಿ ಸಲ ನನ್ನ ಹಿರಿಯರನ್ನೆಲ್ಲ ಎಬ್ಬಿಸಿ ಬೈಯುವಳು. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ.

“ಏನ್ ನೋಡಾಕತ್ತಿ ಮುದುಕಿ? ನನ್ನ ಮಾರಿ ಮ್ಯಾಲ ಸಿನೆಮಾ ನಡದದೇನು?”

“ನಡದದ. ಆದ್ರ ಟಿಕೀಟಿನ ಲಾಯಕ್ ಇಲ್ಲ.”

ಮೂಗು ಒರೆಸಿಕೊಂಡು ನಕ್ಕಳು, ಒಳಗೆ ಹೋದಳು. ಹೀಗೆ ಹೋಗಿ ಬಂದು ಮಾಡಿ, ಹದಿನೈದನೆಯ ವಾರ ಒಬ್ಬಳು ‘ನಿನ್ನ ಮಗಳಿಗೆ ನೀನಂದ್ರ ಅಂಜಿಕಿ’ ಎಂದು ಮುಖಕ್ಕೇ ಅಂದಾಗ, ಖುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದಳು. ಎದ್ದು ಹೋಗಲಿಲ್ಲ. ಚಿಕಿತ್ಸೆಯನ್ನು ನಾನು ಹೊಗಳುವುದಿಲ್ಲ. ಕಣ್ಣಿಂದ ನೋಡಿದ್ದನ್ನು ಬರೆಯುತ್ತಿದ್ದೇನೆ.

ಹುಮನಾಬಾದಿನ ಗುಂಪು ಬೇರೆಯೇ ತರಹ. ಇಪ್ಪತ್ತೇ ವಾರ ಎಂದು ಮೊದಲೇ ಗೊತ್ತಿದ್ದುದರಿಂದ ಅವರು ನೆಂಟರ ಮನೆಗೆ ಬಂದವರ ಹಾಗೆ ಇದ್ದರು. ಒಬ್ಬರಿಗೊಬ್ಬರು ‘ಅಕ್ಕಾ, ಬಾಯಿ’ ಎಂದು ಮರ್ಯಾದೆ. ಒಂದು ದಿನವೂ ಜಗಳವಿಲ್ಲ. ಮನೆಗಳಲ್ಲಿ ಇವರು ಮಾಡುವ ರಂಪ ನನಗೆ ಗೊತ್ತಿತ್ತು. ಇಲ್ಲಿ ಮಾತ್ರ ಬೆಣ್ಣೆ. ಇದನ್ನು ನೋಡಿ ನನಗೆ ಸಂಶಯ ಬರಬೇಕಿತ್ತು. ನನಗೆ ಬಂದದ್ದು ಮೋಹ. ಕೊನೆಯ ಮಂಗಳವಾರ ಇವರನ್ನು ಬರಿಗೈಯಲ್ಲಿ ಕಳಿಸಬಾರದು ಅನಿಸಿತು.

ಉಡಿ ತುಂಬಲು ನಿರ್ಧರಿಸಿದೆ. ಮನೆಯಿಂದ ಹೋಗುವ ಹೆಣ್ಣಿನ ಸೆರಗಿಗೆ ಗೋಧಿ, ತೆಂಗಿನಕಾಯಿ, ಕುಬಸದ ಬಟ್ಟೆ, ಉತ್ತತ್ತಿ, ಅರಿಶಿನದ ಬೇರು ಹಾಕಿ ಕಳಿಸುವುದು. ಗಂಡ ಸತ್ತವಳು ನಾನು, ನನ್ನಂಥವಳು ಉಡಿ ತುಂಬಬಾರದು ಎಂದು ಊರು ಹೇಳುತ್ತದೆ. ಊರು ಹೇಳಿದ್ದನ್ನೆಲ್ಲ ಕೇಳಿದ್ದರೆ ನಾನು ಎಂದೋ ಮೂಲೆ ಸೇರಿರುತ್ತಿದ್ದೆ. ಎಂಟು ಜನರಲ್ಲಿ ಒಬ್ಬಳು ಮಾಣಿಕನಗರದಲ್ಲಿ ಹೂವು ಕಾಯಿ ಮಾರುವವಳು, ಅವಳೂ ಗಂಡನಿಲ್ಲದವಳೇ. ಅವಳ ಉಡಿಯನ್ನೂ ತುಂಬುವುದೆಂದು ನಿಶ್ಚಯ ಮಾಡಿದೆ.

ಕಾಗದ ಮೊದಲು ಎನ್ನುವ ನಿಯಮವನ್ನು ನಾನು ಮರೆತಿರಲಿಲ್ಲ. ಕಾಗದಗಳು ಸಂಯೋಜಕನ ಚೀಲದಲ್ಲಿದ್ದವು. ಹನ್ನೊಂದಕ್ಕೆ ಬರಬೇಕಾದವನು ಒಂದೂವರೆಯಾದರೂ ಪತ್ತೆಯಿಲ್ಲ. ಹೆಂಗಸರು ಬಸ್ಸಿನ ಹೊತ್ತು ನೋಡತೊಡಗಿದರು. ನಾನು ಉಡಿಯ ಬುಟ್ಟಿ ಬಿಚ್ಚಿದೆ. ಇದೇ ತಪ್ಪು. ಇದರಲ್ಲಿ ಅವನ ಪಾಲು ಎಷ್ಟು, ನನ್ನದೆಷ್ಟು ಎಂದು ನಾನು ಹಂಚಲು ಹೋಗುವುದಿಲ್ಲ, ಬಿಚ್ಚಿದ ಕೈ ನನ್ನದು.

ಕಾಯಿ ಮಾರುವವಳ ಸೆರಗಿಗೆ ಗೋಧಿ ಹಾಕಿದಾಗ ಅವಳು ಸೆರಗು ಬಿಡಲಾಗದೆ ಭುಜಕ್ಕೇ ಕಣ್ಣು ಒರೆಸಿಕೊಂಡಳು. ಯಾರೂ ಅವಳ ಉಡಿ ತುಂಬದೆ ಒಂಬತ್ತು ವರ್ಷವಾಗಿತ್ತಂತೆ. ಮಿಕ್ಕವರೂ ಕಣ್ಣೊರೆಸಿಕೊಂಡರು. ಮೇಡಮ್ಮು ಧಾರವಾಡದ ಕಡೆಯವರು, ತಾವೂ ಸೆರಗು ಒಡ್ಡಿದರು. ಅವರ ಉಡಿಯನ್ನೂ ತುಂಬಿದೆ. ಆಮೇಲೆ ಗುಂಪಿನ ಬಗ್ಗೆ ಅವರು ಬರೆದ ವರದಿಯೂ ಚೆನ್ನಾಗಿಯೇ ಬಂತು.

ಬೇಡ ಎಂದವಳು ಒಬ್ಬಳೇ, ಬೇಮಳಖೇಡದಿಂದ ಬರುತ್ತಿದ್ದವಳು.

“ನಮ್ಮ ಮನ್ಯಾಗ ಇದು ಮಾಡಂಗಿಲ್ಲರಿ ಆಯಿ. ನಮ್ಮದು ಬುದ್ಧ ಧರ್ಮ. ಸಿಟ್ಟಾಗಬ್ಯಾಡ್ರಿ.”

“ಸಿಟ್ಟ್ಯಾಕ? ಕಾಯಿ ಒಯ್ಯಿ, ಚಟ್ನಿ ಮಾಡು.”

“ಅದೂ ಬ್ಯಾಡ್ರಿ. ಒಂದು ಕಪ್ ಚಹಾ ಕೊಡ್ರಿ, ಅಷ್ಟೇ ಸಾಕು.”

ಚಹಾ ಕೊಟ್ಟೆ. ಆ ಹೊತ್ತಿಗೆ ಸಂಯೋಜಕ ಬಂದ. ಗಾಡಿ ಪಂಕ್ಚರ್ ಎಂದ. ಅಂಗಿಯ ಮೇಲೆ ಬಿರಿಯಾನಿಯ ಕಲೆ ಇತ್ತು. ದುಂಡಗೆ ಕೂತ ಹೆಂಗಸರನ್ನೂ ಅವರ ತುಂಬಿದ ಸೆರಗನ್ನೂ ನೋಡಿ, “ಓ, ಮಡಿಲಕ್ಕಿನಾ? ಸೂಪರ್ ಅಜ್ಜಿ!” ಎಂದು ಫೋನು ತೆಗೆದು ಫೋಟೋ ಹೊಡೆದ. ಆಮೇಲೆ ಅದೇ ಹೆಂಗಸರ ಕೈಗೆ ಕಾಗದ ಕೊಟ್ಟ.

ಉಡಿ ಬಿಚ್ಚಿ ಪಕ್ಕಕ್ಕಿಡಿ ಎಂದು ಯಾರೂ ಹೇಳುವಂತಿಲ್ಲ. ಮನೆಗೆ ಹೋಗಿ ದೇವರ ಮುಂದೆಯೇ ಬಿಚ್ಚಬೇಕು. ಸೆರಗಿನ ಭಾರ ಹೊಟ್ಟೆಗೆ ಆನಿಸಿಕೊಂಡು ಕೂತರು. ನಾನು ನಿಧಾನಕ್ಕೆ ಓದಿದೆ. ಒಳಗೆಲ್ಲ ಖಾಲಿ ಅನಿಸುತ್ತದೆ. ಯಾವತ್ತೂ ಇಲ್ಲ. ನನ್ನವರು ಬಿಟ್ಟು ಹೋಗುತ್ತಾರೆ. ಯಾವತ್ತೂ ಇಲ್ಲ. ಸಾಯಬೇಕು ಅನಿಸುತ್ತದೆ. ಯಾವತ್ತೂ ಇಲ್ಲ. ನನಗೂ ಖುಷಿಯಾಯಿತು.

ಎರಡು ದಿನ ಬಿಟ್ಟು ಗುರುವಾರ, ಬಸವಕಲ್ಯಾಣದಲ್ಲಿ ಅದೇ ಕಾಗದ. ಅವರಿಗೂ ಇಪ್ಪತ್ತನೆಯ ವಾರವೇ, ಆದರೆ ಅವರ ದಾರಿ ಇನ್ನೂ ಅರ್ಧ ಬಾಕಿ. ಅಂದು ಗುಂಪಿನಲ್ಲಿ ಇಬ್ಬರು ಕಚ್ಚಾಡಿದ್ದರು, ಕೋಣೆಯೆಲ್ಲ ಕಾದ ಹಂಚಿನಂತಿತ್ತು. ದುಬಲಗುಂಡಿಯವಳು ಪೆನ್ನು ಹಿಡಿದುಕೊಂಡು, “ಆಯಿ, ಮೊದಲನೇ ದಿನ ನಾ ಸುಳ್ಳು ಬರ್ದಿದ್ದೆ. ನನ್ನ ಹುಚ್ಚಿ ಅಂತಾರಂತ ಅಂಜಿಕಿ ಇತ್ತು. ಈಗ ಖರೆ ಬರಿಲೇನು?” ಎಂದಳು. ಬಿಡಿಸಿ ಹೇಳಬಾರದು ಎನ್ನುವ ನಿಯಮವಿತ್ತಲ್ಲ. “ನಿನಗ ತಿಳಿದಾಂಗ ಬರಿ,” ಎಂದೆ. ಅವಳು ‘ಯಾವಾಗಲೂ’, ‘ಯಾವಾಗಲೂ’ ಎಂದು ಗುರುತು ಹಾಕುತ್ತಾ ಹೋದಳು. ಉಳಿದವರೂ ಅಷ್ಟೇ.

ಮೂರು ವಾರದ ಮೇಲೆ ಒಂದು ಮಂಗಳವಾರ, ಈ ಅಧ್ಯಯನವನ್ನೆಲ್ಲ ನಡೆಸುತ್ತಿದ್ದ ದೊಡ್ಡ ಡಾಕ್ಟರು ಬಂದರು. ಬಸವಕಲ್ಯಾಣದ ಆ ಕೋಣೆಯಲ್ಲೇ ಕಿಟಕಿಗೆ ಚಾದರ ಕಟ್ಟಿ, ಗೋಡೆಗೆ ಬೆಳಕು ಬಿಟ್ಟರು. ಎರಡು ಗೆರೆ ಕಂಡವು. ಹುಮನಾಬಾದಿನ ತೊಂದರೆಯ ಗೆರೆ ಜಾರುಬಂಡೆಯಂತೆ ಇಳಿದಿತ್ತು, ಬಸವಕಲ್ಯಾಣದ್ದು ಏರಿತ್ತು. ಸಂಯೋಜಕ ಬೆಳಕಿನ ಕಡ್ಡಿ ಹಿಡಿದು ಕುಣಿದಾಡಿದ. ಉದ್ದನೆಯ ಗುಂಪಿನಿಂದ ಲಾಭವಿಲ್ಲ, ತೊಂದರೆಯೇ ಹೆಚ್ಚಾಗುತ್ತಿದೆ, ಇನ್ನೂ ಎಳೆಯುವುದು ಸರಿಯಲ್ಲ, ಇನ್ನೆರಡು ಸಲ ಕೂರಿಸಿ ಮುಗಿಸಿಬಿಡೋಣ ಎಂದ. ದೊಡ್ಡ ಡಾಕ್ಟರು ಬಿಸ್ಕತ್ತು ಅದ್ದುತ್ತಾ ತಲೆ ಆಡಿಸಿದರು. ಮೇಡಮ್ಮು ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಸುಮ್ಮನಿರುವುದು ಅವರಿಗೆ ಅಭ್ಯಾಸವಾಗಿತ್ತು.

“ಹುಮನಾಬಾದಿನಲ್ಲಿ ಒಬ್ಬರದು ಮಾತ್ರ ಹಾಗೇ ಇದೆ ಸರ್,” ಎಂದ ಸಂಯೋಜಕ. “ಒಬ್ಬರಿಗೆ ಪ್ರಯೋಜನ ಆಗಿಲ್ಲ. ಅಷ್ಟು ಇದ್ದದ್ದೇ.”

ನಾನು ಚಹಾದ ಲೋಟ ಇಡುತ್ತಿದ್ದೆ. “ಯಾವ ನಂಬರ್ರಿ ಅದು?”

“ಏಳು. ಯಾಕಜ್ಜಿ?”

“ಸುಮ್ಮ ಕೇಳ್ದೆ.”

ಕಾಗದದ ಮೇಲೆ ಹೆಸರಿರುವುದಿಲ್ಲ, ನಂಬರು ಇರುತ್ತದೆ. ಹುಮನಾಬಾದಿನ ನಂಬರು ಹಾಕಿದವಳು ನಾನು. ಏಳು ಎಂದರೆ ಬೇಮಳಖೇಡದವಳು. ಉಡಿ ಬೇಡ ಎಂದವಳು.

ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಅಷ್ಟೇ. ಆದರೂ ಅಲ್ಲಿ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎನ್ನುವುದು ಒಂದು. ಈ ಬೆಳಕಿನ ಕಡ್ಡಿಯವನ ಮುಂದೆ ಮೂರ್ಖಳಾಗುವುದು ಬೇಡ ಎನ್ನುವುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು, ಸುಳ್ಳೇಕೆ ಹೇಳಲಿ. ಮೊದಲು ಖಚಿತ ಮಾಡಿಕೊಳ್ಳೋಣ ಎಂದು ಬುಧವಾರ ಮಾಣಿಕನಗರಕ್ಕೆ ಹೋದೆ.

ಕಾಯಿ ಮಾರುವವಳು ಅಂಗಡಿಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಳು. ಎಡಬಲದ ಅಂಗಡಿಯವರು ಅವಳಿಗೆ ಬೆನ್ನು ಮಾಡಿ ಕೂತಿದ್ದರು. ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

“ಕೈಗೇನಾತು?”

“ಕತ್ತಿ ತಾಕ್ಯದ.”

“ತಾನಾಗೇ ಬಂದು ತಾಕ್ತೇನು?”

ಬಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಕಾಯಿಯ ರಾಶಿಯ ಪಕ್ಕ ಕೂತೆ. “ಮತ್ತ ಕಾಗದದಾಗ ಎಲ್ಲಾ ಚೊಲೋ ಅಂತ ಹಾಕಿದಿ?”

“ಹಾಕ್ಲಾರ್ದ ಏನ್ ಮಾಡ್ಲಿ?” ಎಂದು ಹರಿಹಾಯ್ದಳು. “ಒಂಬತ್ತು ವರ್ಷಕ್ಕ ಉಡಿ ತುಂಬಿಸ್ಕೊಂಡು ಕುಂತೀನಿ. ಮುಂದ ನೀವು ಕುಂತು ಸಾಯಬೇಕನಸ್ತದೇನು ಅಂತ ಓದಾಕತ್ತೀರಿ. ಉಡಿ ಕಟ್ಟಿಕೊಂಡು ಹೌದು ಅಂತ ಹ್ಯಾಂಗ ಬರೀಲಿ ಆಯಿ? ತುಂಬಿದ ಕೈಗೆ ಕೆಟ್ಟ ಅಲ್ಲೇನು?”

“ಎಲ್ಲಾರೂ ಹಾಂಗೇ ಹಾಕಿದ್ರಾ?”

“ನನ್ನ ಬಾಜೂಕ ಕುಂತ ಹೊಲಿಗಿಯಾಕಿನೇ ಅಂದ್ಳು, ಹೋಗೋ ಹೊತ್ತಿನ್ಯಾಗ ಬಾಯಾಗ ಒಳ್ಳೇದೇ ಬರ್ಲಿ ಅಂತ. ನೀವ್ಯಾಕ ಅವತ್ತೇ ಓದಿದ್ರಿ? ಮರುದಿನ ಓದಿದ್ರ ನಾ ಪಾಟಿ ತುಂಬಾ ಬರೀತಿದ್ದೆ.”

ಅವಳು ಕೇಳಿದ ಈ ಒಂದು ಮಾತನ್ನು ಆ ಬೆಳಕಿನ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಅಲ್ಲೇ ಮೇಡಮ್ಮಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಾಡಿದರು. ಅಷ್ಟರಲ್ಲಿ ನಾಲ್ಕು ಕಾಯಿ ನಾನೇ ಮಾರಿದೆ. ಗಾಯದ ಮಾತಷ್ಟೇ ಆಯಿತು, ಕಾಗದದ ಮಾತು ನಾನು ಅಂದೂ ಎತ್ತಲಿಲ್ಲ.

ಗುರುವಾರ ಬಸವಕಲ್ಯಾಣದಲ್ಲಿ ಮೇಡಮ್ಮು ನೆಲ ನೋಡುತ್ತಾ ಸುದ್ದಿ ಹೇಳಿದರು. ಇನ್ನೆರಡೇ ಸಲ, ಆಮೇಲೆ ಗುಂಪು ಮುಗಿಯುತ್ತದೆ.

“ನಲವತ್ತು ಅಂದಿದ್ರಿ,” ಎಂದಳು ದುಬಲಗುಂಡಿಯವಳು.

“ಹೌದು, ಆದರೆ ಸಂಶೋಧನೆಯಲ್ಲಿ ಕಂಡದ್ದು...”

“ನಿಮ್ಮ ಸಂಶೋಧನಾ ನಾ ಕೇಳಿಲ್ಲ. ನಲವತ್ತು ಅಂದಿದ್ರೋ ಇಲ್ಲೋ?”

ಮೇಡಮ್ಮು ಹೌದು ಎಂದರು. ಖುರ್ಚಿ ಒದೆಯುತ್ತ ಹೊರಗೆ ಹೋಗುತ್ತಾಳೆ ಎಂದುಕೊಂಡು ನಾನು ಸ್ಟೂಲಿನಿಂದ ಎದ್ದೆ. ಅವಳು ಒದೆಯಲಿಲ್ಲ. ಖುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಸದ್ದಿಲ್ಲದೆ ಹೊರಗೆ ನಡೆದಳು. ಆರು ಸಲದ ರಂಪಕ್ಕೆ ಹೆದರದ ನಾನು ಇದಕ್ಕೆ ಹೆದರಿದೆ.

“ಅಕ್ಕಗ ಏನಂತ ಹೇಳ್ಲಿ?” ಎಂದಳು ಗೇಟಿನ ಹತ್ತಿರ. ಬೈಗುಳವೂ ಇರಲಿಲ್ಲ. “ಅರ್ಧಕ್ಕೇ ಓಡಿಸಿದ್ರು ಅಂತೇನು? ಆಕಿ ಮಗಳನ್ನ ಕಳಸ್ತಾಳಾ? ಬಿಡು ಆಯಿ. ನಂದು ಮುಗೀತು.” ಆಟೋ ಹತ್ತಿ ಬಸ್ ನಿಲ್ದಾಣದ ಕಡೆ ಹೋದಳು. ಹತ್ತು ನಿಮಿಷ ಬಿಟ್ಟು ಫೋನು ಹಚ್ಚಿದರೆ ಬಂದ್ ಆಗಿತ್ತು.

ದೊಡ್ಡ ಡಾಕ್ಟರು ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪು ಮುಚ್ಚುತ್ತಿದ್ದರು. ಅಂದೇ ಹೊರಡುವವರಿದ್ದರು. ಸಂಯೋಜಕ ಅವರ ಚೀಲದ ಜಿಪ್ ಎಳೆಯುತ್ತಿದ್ದ. ನಾನು ಚಪ್ಪಲಿ ಬಿಡದೆ ಒಳಗೆ ಹೋಗಿ, ಹುಮನಾಬಾದಿನ ಕಾಗದ ಕೆಟ್ಟಿವೆ, ಕೆಡಿಸಿದವಳು ನಾನು ಎಂದು ಹೇಳಿ, ಮೊದಲಿನಿಂದ ನಡೆದದ್ದು ವಿವರಿಸಿದೆ. ಮಾಣಿಕನಗರದವಳು ಅಂದದ್ದನ್ನೂ ಅವಳ ಮಾತಿನಲ್ಲೇ ಹೇಳಿದೆ.

“ಅಜ್ಜಿ, ಅದು ಸಂಸ್ಕೃತಿ,” ಎಂದ ಸಂಯೋಜಕ. “ಅದಕ್ಕೂ ಉತ್ತರಕ್ಕೂ ಸಂಬಂಧ ಇಲ್ಲ. ಸರ್, ವರದಿ ಆಗಲೇ ಸಿದ್ಧ ಇದೆ.”

“ನಿನ್ನ ಫೋನಿನ ಫೋಟೋ ತೆಗಿ.”

“ಯಾವ ಫೋಟೋ?”

“ಬಿರ್ಯಾನಿ ತಿಂದು ಬಂದು ಹೊಡೆದಿಯಲ್ಲ, ಅದು.”

ತೆಗೆಯಲು ಅವನಿಗೆ ಇಷ್ಟವಿರಲಿಲ್ಲ. ದೊಡ್ಡ ಡಾಕ್ಟರು ಕೈ ಚಾಚಿದರು, ಕೊಡಲೇಬೇಕಾಯಿತು. ಫೋಟೋದಲ್ಲಿ ಹೆಂಗಸರು ದುಂಡಗೆ ಕೂತಿದ್ದರು, ತುಂಬಿದ ಸೆರಗು, ಹಣೆ ತುಂಬ ಕುಂಕುಮ. ಮೇಡಮ್ಮಿನದೂ. ಒಬ್ಬಳ ಕೈಯಲ್ಲಿ ಮಾತ್ರ ಚಹಾದ ಕಪ್ಪು.

“ಆ ಕಪ್ ಹಿಡಿದಾಕಿನೇ ನಿಮ್ಮ ಏಳನೇ ನಂಬರ್ರಿ ಸಾಹೇಬ್ರ,” ಎಂದೆ. “ಆಕಿ ಒಬ್ಬಾಕಿನೇ ಖರೆ ಬರ್ದಾಳ. ಚಹಾ ಕುಡಿದ್ರ ಉತ್ತರ ಕೆಡ್ತದಂತ ನನಗ ಕಲಿಸಿದ್ರಿ.”

ದೊಡ್ಡ ಡಾಕ್ಟರು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಆ ಕಪ್ಪನ್ನು ನೋಡಿದರು. ಮೇಡಮ್ಮು ಬಾಗಿಲಲ್ಲಿ ಬಂದು ನಿಂತಿದ್ದರು, ಈ ಸಲ ಬಾಯಿ ತೆರೆದರು. “ನನಗೂ ಹೊಳೆಯಬೇಕಿತ್ತು ಸರ್. ನಾನೂ ಅಲ್ಲೇ ಕೂತಿದ್ದೆ. ಇಲ್ಲಿಯ ಗುಂಪು ಕೆಟ್ಟಿಲ್ಲ, ಇವರು ಈಗ ನಿಜ ಹೇಳ್ತಿದ್ದಾರೆ.”

“ಅಜ್ಜಿ,” ಎಂದರು ದೊಡ್ಡ ಡಾಕ್ಟರು, “ಇದರಿಂದ ಇಡೀ ಅಧ್ಯಯನ ಹಾಳಾಗುತ್ತೆ, ಗೊತ್ತಾ ನಿಮಗೆ?”

“ಹಾಳಾಗೇದ ಅಂತ ಹೇಳಾಕ ಬಂದೀನ್ರಿ.”

ಅವರಿಗೆ ಸಿಟ್ಟು ಬಂತು. ಕೂಗಾಡಿದರು, ನನ್ನ ಮೇಲೆ ಅರ್ಧ, ಸಂಯೋಜಕನ ಮೇಲೆ ಅರ್ಧ. ಕೂಗಿ ದಣಿದ ಮೇಲೆ ತಲೆ ಕೆಲಸ ಮಾಡಿತು. ಹುಮನಾಬಾದಿನ ಎಂಟೂ ಜನರ ಮನೆಗೆ ಗುರುತಿಲ್ಲದವರೊಬ್ಬರನ್ನು ಕಳಿಸಿ ಹೊಸದಾಗಿ ಕೇಳಿಸಬೇಕು, ಬೇಕಾದವರಿಗೆ ಚಿಕಿತ್ಸೆ ಮುಂದುವರಿಸಬೇಕು, ಆ ದಿನದ ಕಾಗದಗಳನ್ನು ತೂಕಕ್ಕೆ ಹಾಕಬಾರದು, ಬಸವಕಲ್ಯಾಣದ ಗುಂಪು ನಲವತ್ತರವರೆಗೆ ನಡೆಯಬೇಕು. ಮತ್ತೆ, ಈ ಅಜ್ಜಿ ಇನ್ನು ಎರಡೂ ಗುಂಪಿನ ಹತ್ತಿರ ಸುಳಿಯಬಾರದು, ಯಾವ ಹೆಂಗಸನ್ನೂ ಭೇಟಿಯಾಗಬಾರದು. ಅವರ ರೀತಿಯಿಂದ ನೋಡಿದರೆ ಅದು ಸರಿಯೇ. ನಾನು ಬೀಗದ ಕೈ ಮೇಜಿನ ಮೇಲೆ ಇಟ್ಟೆ. ನಲವತ್ತು ವಾರ ಪೂರ್ತಿ ನಡೆಸುತ್ತೇವೆ ಎಂದು ಒಂದು ಚೀಟಿ ಬರೆದು ದಸ್ಕತ್ತು ಹಾಕಿ ಶಿಕ್ಕಾ ಒತ್ತಿ ಕೊಡಿ ಎಂದೆ. ಯಾರಿಗೆ ಎಂದರು. ನನಗೆ ಬೇಕು ಎಂದೆ. ಮೇಡಮ್ಮು ಬರೆದರು, ಅವರು ಒತ್ತಿದರು.

ದುಬಲಗುಂಡಿಯವಳಿಗೆ ಹೇಗೆ ತಿಳಿಸುತ್ತೀರಿ ಎಂದು ಕೇಳಿದೆ. “ಫೋನ್ ಮಾಡ್ತೀವಿ ಬಿಡಿ,” ಎಂದ ಸಂಯೋಜಕ. ಬಂದ್ ಆದ ಫೋನಿಗೆ ಅವನು ಮುಂದಿನ ಸೋಮವಾರದವರೆಗೂ ಫೋನು ಮಾಡುತ್ತಿರುತ್ತಿದ್ದ.

ಇಪ್ಪತ್ತು ಸಾಕೋ ನಲವತ್ತು ಬೇಕೋ ನನಗೆ ಗೊತ್ತಿಲ್ಲ. ಆ ದಿನದ ಕಾಗದಗಳಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ, ಇಷ್ಟು ಗೊತ್ತು. ಮಂದಿ ಮರ್ಯಾದೆಗೆ ಹೇಳಿದ್ದನ್ನೂ ನೋವಿಗೆ ಹೇಳಿದ್ದನ್ನೂ ಒಂದೇ ಚೌಕದಲ್ಲಿ ತುಂಬಿ ತೂಗುವವರು ತಕ್ಕಡಿಯನ್ನಾದರೂ ಒಮ್ಮೆ ನೋಡಿಕೊಳ್ಳಬೇಕು.

ಮರುದಿನ ಬೆಳಗ್ಗೆ ಹುಮನಾಬಾದಿನಿಂದ ಮೊದಲ ಬಸ್ಸು ಹತ್ತಿ ದುಬಲಗುಂಡಿಗೆ ಹೋದೆ. ಯಾರನ್ನೂ ಭೇಟಿಯಾಗಬಾರದು ಎಂದದ್ದು ಕಿವಿಯಲ್ಲಿತ್ತು, ಇರಲಿ ಎಂದು ಬಿಟ್ಟೆ. ಅವಳು ಊರ ಹೊರಗಿನ ಸೋಯಾ ಹೊಲದಲ್ಲಿ ಹತ್ತು ಹೆಂಗಸರ ಜೊತೆ ಕಳೆ ತೆಗೆಯುತ್ತಿದ್ದಳು. ನನ್ನನ್ನು ನೋಡಿಯೂ ತಲೆ ಎತ್ತಲಿಲ್ಲ.

“ನಲವತ್ತು ಪೂರಾ ನಡಸ್ತಾರ. ಗುರುವಾರ ಹೋಗು.”

“ಯಾರು, ಆ ಸುಳ್ಳ ಮಂದಿ?”

“ಬರೆದು ಕೊಟ್ಟಾರ. ಶಿಕ್ಕಾ ಅದ. ಅಕ್ಕಗ ತೋರಿಸು.”

ಚೀಟಿ ತೆಗೆದುಕೊಂಡು, ಓದಲು ಬಾರದಿದ್ದರೂ ಶಿಕ್ಕಾವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಮಡಚಿ ಕುಬಸದಲ್ಲಿ ಇಟ್ಟುಕೊಂಡಳು. “ನೀ ಬಾಗಲಾಗ ಇರ್ತಿಯಲ್ಲ?”

“ಇಲ್ಲ. ನನ್ನ ತೆಗೆದಾರ. ತಪ್ಪು ಮಾಡಿದ್ದೆ.”

“ಹಾಂಗಾದ್ರ ನೀನೂ ಬಿಟ್ಟು ಹೊಂಟಿ!” ಎಂದು ಕೈಯಲ್ಲಿದ್ದ ಖುರ್ಪಿಯನ್ನು ಎಸೆದಳು. ಅದು ಪಕ್ಕದ ಸಾಲಿನಲ್ಲಿ ಬಿತ್ತು. ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ನನ್ನ ಏಳು ತಲೆಮಾರನ್ನೂ ಬೈಯುತ್ತಾ ಬದುವಿನ ಕಡೆ ಹೊರಟಳು.

ನಾನು ಸೆರಗು ಸಿಕ್ಕಿಸಿಕೊಂಡು ಖುರ್ಪಿ ಎತ್ತಿಕೊಂಡೆ. ಅವಳ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳು ಬಿಟ್ಟಲ್ಲಿಂದ ಕಳೆ ತೆಗೆಯತೊಡಗಿದೆ. ಅವಳು ಬದುವಿನ ಮೇಲೆ ನಿಂತು ಬೈಯುತ್ತಲೇ ಇದ್ದಳು, ನಾನು ಕೀಳುತ್ತಲೇ ಇದ್ದೆ. ಬೈಗುಳ ತೀರಿತು. ಅರ್ಧ ಸಾಲು ಮುಗಿಯುವ ಹೊತ್ತಿಗೆ ಅವಳ ಕಾಲು ನನ್ನ ಮುಂದೆ ಬಂದು ನಿಂತಿದ್ದವು.

“ಅತ್ಲಾಗ ಸರಿ,” ಎಂದು ಖುರ್ಪಿ ಕಸಿದುಕೊಂಡಳು. “ಕಸ ಬಿಟ್ಟು ಬೆಳಿ ಕೀಳಾಕತ್ತಿ.”

ನಾನು ಸರಿದೆ.